5 + 7 = 108: ಮ್ಯಾಟ್‌ಲ್ಯಾಬ್‌ನ ಪುಟ್ಟ ವಿಂಡೋ ಎಲ್ಲಿ ಎಡವುತ್ತದೆ?

ಎರಡು ಬಾಕ್ಸ್, ಒಂದು ಬಟನ್. ಮೊದಲ ಬಾಕ್ಸ್‌ನಲ್ಲಿ 5 ಎಂದು ಟೈಪ್ ಮಾಡುತ್ತೀರಿ, ಎರಡನೆಯದರಲ್ಲಿ 7. ‘ಕೂಡಿಸು’ ಬಟನ್ ಒತ್ತಿದರೆ ಉತ್ತರ 108 ಎಂದು ಬರುತ್ತದೆ. ಜಪಕ್ಕೆ ಒಳ್ಳೆಯ ಸಂಖ್ಯೆ. ಲೆಕ್ಕ ಮಾತ್ರ ತಪ್ಪು.

ಮ್ಯಾಟ್‌ಲ್ಯಾಬ್ ಅಥವಾ ಆಕ್ಟೇವ್ ಎಂಬ ಲೆಕ್ಕದ ತಂತ್ರಾಂಶಗಳಲ್ಲಿ ಮೊದಲ ಸಲ ಇಂಥ ಬಾಕ್ಸ್, ಬಟನ್ ಇರುವ ವಿಂಡೋ ಮಾಡಲು ಹೊರಟವರು ಇಂಥ ಉತ್ತರ ನೋಡಿ ಕಂಗಾಲಾಗುವುದು ಸಾಮಾನ್ಯ. ಅದೇ ಲೆಕ್ಕವನ್ನು ವಿಂಡೋ ಇಲ್ಲದೆ ಮಾಡಿದರೆ 12 ಸರಿಯಾಗಿಯೇ ಬರುತ್ತದೆ. ಹಾಗಾದರೆ ವಿಂಡೋ ಬಂದ ಕೂಡಲೇ ಬದಲಾದದ್ದೇನು? ಸಂಖ್ಯೆ ಒಳಗೆ ಬರುವ ದಾರಿ ಬದಲಾಗಿದೆ. ಪ್ರೋಗ್ರಾಂ ನಡೆಯುವ ರೀತಿಯೂ ಬದಲಾಗಿದೆ. ಪುಟ್ಟ ವಿಂಡೋಗಳ ಬಹುಪಾಲು ತೊಂದರೆಗಳು ಈ ಎರಡರಿಂದಲೇ ಬರುತ್ತವೆ.

ಈಗ ಈ ವಿಷಯ ಜಾಸ್ತಿ ಜನಕ್ಕೆ ಬೇಕಾಗಿರುವುದಕ್ಕೆ ಕಾರಣವಿದೆ. ಮ್ಯಾಟ್‌ಲ್ಯಾಬ್‌ನಲ್ಲಿ ‘ಗೈಡ್’ ಎಂಬ ಸಾಧನವಿತ್ತು. ಬಟನ್, ಬಾಕ್ಸ್‌ಗಳನ್ನು ಮೌಸ್‌ನಲ್ಲಿ ಎಳೆದು ಜೋಡಿಸಿದರೆ ಅರ್ಧ ಕೋಡನ್ನು ಅದೇ ಬರೆದುಕೊಡುತ್ತಿತ್ತು. ಕಾಲೇಜು ಲ್ಯಾಬ್‌ಗಳ, ಪ್ರಾಜೆಕ್ಟ್‌ಗಳ ಎಷ್ಟೋ ಹಳೆಯ ಪ್ರೋಗ್ರಾಂಗಳು ಅದರಲ್ಲೇ ಹುಟ್ಟಿದವು. 2025ರ ಮೊದಲ ಆವೃತ್ತಿಯಲ್ಲಿ ಗೈಡ್‌ನ್ನು ತೆಗೆದುಹಾಕಲಾಗಿದೆ. ಹಳೆಯ ಪ್ರೋಗ್ರಾಂಗಳು ಓಡುತ್ತವೆ, ಆದರೆ ಎಳೆದು ಜೋಡಿಸಿ ತಿದ್ದಲು ಆಗುವುದಿಲ್ಲ. ಸೀನಿಯರ್ ಕೊಟ್ಟ ಪ್ರೋಗ್ರಾಂ ನಂಬಿಕೊಂಡವರು ಈಗ ಅದರ ಕೋಡ್ ಓದಲೇಬೇಕು.

## ಇದು ಯಾವ ತಂತ್ರಾಂಶಗಳ ಮಾತು?

ಮ್ಯಾಟ್ರಿಕ್ಸ್, ಸಮೀಕರಣ, ಗ್ರಾಫ್, ಸಿಗ್ನಲ್ ಮುಂತಾದ ಲೆಕ್ಕಗಳನ್ನು ಸಂಖ್ಯೆಗಳಲ್ಲೇ ಬಿಡಿಸಿಕೊಡುವ ತಂತ್ರಾಂಶಗಳಿವು. ಇವುಗಳಲ್ಲಿ ಹೆಸರುವಾಸಿ ಮ್ಯಾಟ್‌ಲ್ಯಾಬ್. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಕ್ಲೀವ್ ಮೋಲರ್, ವಿದ್ಯಾರ್ಥಿಗಳು ಫೋರ್ಟ್ರಾನ್ ಭಾಷೆಯಲ್ಲಿ ಕೋಡ್ ಬರೆಯದೆಯೇ ಮ್ಯಾಟ್ರಿಕ್ಸ್ ಲೆಕ್ಕ ಮಾಡಲಿ ಎಂದು 1970ರ ದಶಕದ ಕೊನೆಯಲ್ಲಿ ಇದನ್ನು ಶುರು ಮಾಡಿದರು. 1984ರಲ್ಲಿ ಮ್ಯಾತ್‌ವರ್ಕ್ಸ್ ಕಂಪನಿ ಹುಟ್ಟಿತು. ಲೈಸೆನ್ಸ್‌ಗೆ ದುಡ್ಡು ಕೊಡಬೇಕು.

ಅದೇ ಭಾಷೆಯನ್ನು ಬಹುತೇಕ ಅರ್ಥ ಮಾಡಿಕೊಳ್ಳುವ ಉಚಿತ ತಂತ್ರಾಂಶ ಗ್ನು ಆಕ್ಟೇವ್. ಇನ್ನೊಂದು ಉಚಿತ ತಂತ್ರಾಂಶ ಫ್ರಾನ್ಸ್‌ನಲ್ಲಿ ಹುಟ್ಟಿದ ಸೈಲ್ಯಾಬ್. ನಮ್ಮ ದೇಶದಲ್ಲಿ ಉಚಿತ ತಂತ್ರಾಂಶಗಳನ್ನು ಶಿಕ್ಷಣಕ್ಕೆ ತರುವ ಐಐಟಿ ಬಾಂಬೆಯ ಫಾಸ್ಸಿ ಯೋಜನೆ ಇದನ್ನು ಕಾಲೇಜುಗಳಿಗೆ ಪರಿಚಯಿಸುತ್ತಾ ಬಂದಿದೆ. ಇಲ್ಲಿನ ಉದಾಹರಣೆಗಳು ಮುಖ್ಯವಾಗಿ ಮೊದಲ ಎರಡರವು.

ಮಾಮೂಲಾಗಿ ಇವುಗಳಲ್ಲಿ ಕೆಲಸ ನಡೆಯುವುದು ಕಮಾಂಡ್ ವಿಂಡೋದಲ್ಲಿ. ನೀವು ಒಂದು ಸಾಲು ಬರೆಯುತ್ತೀರಿ, ಅದು ಉತ್ತರ ಕೊಡುತ್ತದೆ. ಕೋಡ್ ಗೊತ್ತಿಲ್ಲದವರೂ ಬಳಸಲಿ ಎಂದು ಬಾಕ್ಸ್, ಬಟನ್, ಗ್ರಾಫ್ ಇರುವ ಮುಖವೊಂದನ್ನು ಕಟ್ಟಿದರೆ ಅದೇ ಜಿಯುಐ, ಅಂದರೆ ಗ್ರಾಫಿಕಲ್ ಯೂಸರ್ ಇಂಟರ್‌ಫೇಸ್. ಈ ಲೇಖನದಲ್ಲಿ ಅದನ್ನು ಸುಮ್ನೆ ‘ವಿಂಡೋ’ ಎನ್ನೋಣ.

## ಕಾಯುವ ಪ್ರೋಗ್ರಾಂ

ಸಾಮಾನ್ಯ ಪ್ರೋಗ್ರಾಂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓಡಿ ಮುಗಿಯುತ್ತದೆ. ವಿಂಡೋ ಇರುವ ಪ್ರೋಗ್ರಾಂ ಬಟನ್, ಬಾಕ್ಸ್‌ಗಳನ್ನು ಜೋಡಿಸಿಟ್ಟು ಸುಮ್ಮನಾಗುತ್ತದೆ. ಆಮೇಲೆ ನೀವು ಏನಾದರೂ ಒತ್ತುವವರೆಗೆ ಕಾಯುತ್ತದೆ.

ಒಬ್ಬನೇ ನಡೆಸುವ ಟೀ ಅಂಗಡಿಯನ್ನು ನೆನಪಿಸಿಕೊಳ್ಳಿ. ಬೆಳಗ್ಗೆ ಸ್ಟೌ ಹಚ್ಚಿ, ಲೋಟ ಜೋಡಿಸಿ ನಿಲ್ಲುತ್ತಾನೆ. ಯಾರಾದರೂ ಬಂದು ‘ಒಂದು ಟೀ’ ಎಂದರೆ ಟೀ ಮಾಡುತ್ತಾನೆ, ‘ಬನ್ ಕೊಡಪ್ಪ’ ಎಂದರೆ ಬನ್ ಕೊಡುತ್ತಾನೆ. ಕೆಲಸ ಮುಗಿದ ಮೇಲೆ ಮತ್ತೆ ಕಾಯುವುದು. ಗಿರಾಕಿಯ ಕೂಗಿಗೆ ಪ್ರೋಗ್ರಾಂ ಭಾಷೆಯಲ್ಲಿ ‘ಈವೆಂಟ್’ ಎನ್ನುತ್ತಾರೆ. ಕೂಗಿದಾಗ ಮಾಡಬೇಕಾದ ಕೆಲಸವನ್ನು ಬರೆದಿಟ್ಟ ಫಂಕ್ಷನ್ನಿಗೆ ‘ಕಾಲ್‌ಬ್ಯಾಕ್’ ಎಂದು ಹೆಸರು. ಪ್ರತಿ ಬಟನ್‌ಗೂ ಅದರದೇ ಕಾಲ್‌ಬ್ಯಾಕ್ ಇರುತ್ತದೆ.

ಬಟನ್‌ಗೆ ಕೊಡಬೇಕಾದ್ದು ಫಂಕ್ಷನ್ನಿನ ವಿಳಾಸ, ಅಂದರೆ ಹೆಸರಿಗೆ ಮೊದಲು ‘ಅಟ್’ (@) ಚಿಹ್ನೆ. ಅದರ ಬದಲು ಫಂಕ್ಷನ್ನನ್ನೇ ಕರೆದುಬಿಟ್ಟರೆ, ವಿಂಡೋ ಕಟ್ಟುವಾಗಲೇ ಅದು ಒಮ್ಮೆ ಓಡಿ ಮುಗಿಯುತ್ತದೆ. ಬಟನ್ ಒತ್ತಿದಾಗ ಓಡಲು ಏನೂ ಉಳಿದಿರುವುದಿಲ್ಲ. ಇನ್ನೊಂದು ವಿಷಯ, ಬಟನ್ ಒತ್ತಿದಾಗ ತಂತ್ರಾಂಶವು ಕಾಲ್‌ಬ್ಯಾಕ್‌ಗೆ ತಾನಾಗಿಯೇ ಎರಡು ಮಾಹಿತಿ ಕಳಿಸುತ್ತದೆ: ಯಾವ ಬಟನ್, ಯಾವ ಈವೆಂಟ್. ನಿಮ್ಮ ಫಂಕ್ಷನ್ ಏನನ್ನೂ ತೆಗೆದುಕೊಳ್ಳುವ ಹಾಗೆ ಬರೆದಿಲ್ಲದಿದ್ದರೆ ‘ಟೂ ಮೆನಿ ಇನ್‌ಪುಟ್ ಆರ್ಗ್ಯುಮೆಂಟ್ಸ್’ ಎಂದು ಬೈಸಿಕೊಳ್ಳಬೇಕಾಗುತ್ತದೆ. ‘ನಾನು ಏನೂ ಕಳಿಸಿಲ್ವಲ್ಲ!’ ಅನಿಸುವುದು ಸಹಜ. ಕಳಿಸಿದ್ದು ನೀವಲ್ಲ, ಬಟನ್.

## 108 ಎಲ್ಲಿಂದ ಬಂತು?

ಈಗ ಮೊದಲ ಒಗಟು. ಬಾಕ್ಸ್‌ನಲ್ಲಿ ನೀವು ಟೈಪ್ ಮಾಡಿದ 5 ನಿಮಗೆ ಸಂಖ್ಯೆ. ತಂತ್ರಾಂಶಕ್ಕೆ ಅದು ಅಕ್ಷರ. ಟೈಪ್ ಮಾಡುವ ಬಾಕ್ಸ್ ಕೊಡುವುದೆಲ್ಲ ಅಕ್ಷರವೇ, ಊರಿನ ಹೆಸರಾದರೂ ಅಷ್ಟೆ, ಅಂಕಿಯಾದರೂ ಅಷ್ಟೆ.

ಕಂಪ್ಯೂಟರ್ ಒಳಗೆ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಇದೆ. ‘0’ ಅಕ್ಷರದ ನಂಬರ್ 48, ‘1’ರದ್ದು 49, ಹೀಗೇ ಹೋದರೆ ‘5’ರದ್ದು 53, ‘7’ರದ್ದು 55. ಅಕ್ಷರಗಳನ್ನು ಕೂಡಿಸು ಎಂದಾಗ ಮ್ಯಾಟ್‌ಲ್ಯಾಬ್ ತಕರಾರು ಮಾಡುವುದಿಲ್ಲ. ಅವುಗಳ ನಂಬರ್ ತೆಗೆದುಕೊಂಡು ಕೂಡಿಸುತ್ತದೆ. 53 ಮತ್ತು 55 ಸೇರಿದರೆ 108.

ತಮಾಷೆ ಇಲ್ಲಿಗೆ ನಿಲ್ಲುವುದಿಲ್ಲ. 12 ಮತ್ತು 7 ಕೊಟ್ಟು ನೋಡಿ. ‘12’ ಎಂದರೆ ಎರಡು ಅಕ್ಷರ, 49 ಮತ್ತು 50. ಎರಡಕ್ಕೂ 55 ಸೇರಿ 104, 105 ಎಂದು ಎರಡು ಉತ್ತರ ಬರುತ್ತವೆ. 12 ಮತ್ತು 345 ಕೊಟ್ಟರೆ ಎರಡು ಅಕ್ಷರಕ್ಕೆ ಮೂರು ಅಕ್ಷರ ಹೊಂದುವುದಿಲ್ಲ, ಆಕ್ಟೇವ್ ‘ನಾನ್‌ಕನ್‌ಫಾರ್ಮಂಟ್ ಆರ್ಗ್ಯುಮೆಂಟ್ಸ್’ ಎಂದು ಕೈ ಎತ್ತುತ್ತದೆ. ಒಂದೇ ಪ್ರೋಗ್ರಾಂ ಒಮ್ಮೆ ತಪ್ಪು ಉತ್ತರ, ಒಮ್ಮೆ ಎರಡು ಉತ್ತರ, ಒಮ್ಮೆ ಎರರ್ ಕೊಟ್ಟರೆ ಬಳಸುವವರಿಗೆ ದೆವ್ವ ಹೊಕ್ಕ ಹಾಗೆ ಕಾಣುತ್ತದೆ. ಕಾರಣ ಮಾತ್ರ ಒಂದೇ.

ಮ್ಯಾಟ್‌ಲ್ಯಾಬ್‌ನ ಹೊಸ ಆವೃತ್ತಿಗಳಲ್ಲಿ ಒಂಟಿ ಉದ್ಧರಣ ಚಿಹ್ನೆಯ ಬದಲು ಜೋಡಿ ಉದ್ಧರಣ ಚಿಹ್ನೆಗಳ (“ ”) ನಡುವೆ ಬರೆದ ಪಠ್ಯವನ್ನು ಕೂಡಿಸಿದರೆ 57 ಬರುತ್ತದೆ, 5ರ ಪಕ್ಕ 7 ಅಂಟಿಸಿದ ಹಾಗೆ. ಸೈಲ್ಯಾಬ್‌ನಲ್ಲೂ 57. ಹಾಗಾಗಿ 108 ಅಥವಾ 57 ಕಂಡರೆ ಬೇರೆಲ್ಲೂ ಹುಡುಕಬೇಡಿ. ಅಕ್ಷರವನ್ನು ಸಂಖ್ಯೆಯಾಗಿ ಬದಲಾಯಿಸುವುದನ್ನು ಮರೆತಿದ್ದೀರಿ.

ಬದಲಾಯಿಸಲು ಎರಡು ಕಮಾಂಡ್ ಇವೆ: ‘ಎಸ್‌ಟಿಆರ್ ಟು ಡಬಲ್’ ಮತ್ತು ‘ಎಸ್‌ಟಿಆರ್ ಟು ನಮ್’. ನಡುವಿನ ‘ಟು’ವನ್ನು ಅಂಕಿ 2 ಎಂದೇ ಬರೆಯಬೇಕು. ಎರಡೂ ಒಂದೇ ಅಲ್ವಾ ಎಂದರೆ ಅಲ್ಲ. ಎರಡನೆಯದು ಬಾಕ್ಸ್‌ನಲ್ಲಿ ಬರೆದದ್ದನ್ನು ಕೋಡ್ ಎಂದೇ ತಿಳಿದು ಓಡಿಸುತ್ತದೆ. ಬಳಸುವವರು 1,200 ಎಂದು ಕಾಮಾ ಹಾಕಿ ಬರೆದರೆ ಅದಕ್ಕೆ 1 ಮತ್ತು 200 ಎಂಬ ಎರಡು ಸಂಖ್ಯೆ ಕಾಣುತ್ತವೆ. ಫೈಲ್ ಅಳಿಸುವ ಕಮಾಂಡನ್ನು ಯಾರಾದರೂ ಬಾಕ್ಸ್‌ನಲ್ಲಿ ಬರೆದರೆ ಅದನ್ನೂ ಓಡಿಸಬಹುದು. ‘ಎಸ್‌ಟಿಆರ್ ಟು ಡಬಲ್’ ಅದೇ 1,200ನ್ನು ಸಾವಿರದ ಇನ್ನೂರು ಎಂದು ಓದುತ್ತದೆ. ಅರ್ಥವಾಗದ್ದು ಬಂದರೆ ‘ನ್ಯಾನ್’ ಎನ್ನುತ್ತದೆ, ಅಂದರೆ ‘ಇದು ಸಂಖ್ಯೆಯಲ್ಲ’ ಎಂಬ ಗುರುತು. ಖಾಲಿ ಬಾಕ್ಸ್‌ಗೂ ನ್ಯಾನ್, ‘ಐದು’ ಎಂದು ಬರೆದರೂ ನ್ಯಾನ್. ವಿಂಡೋಗಳಲ್ಲಿ ಇದನ್ನೇ ಬಳಸುವುದು ಕ್ಷೇಮ. ಬಂದದ್ದು ನ್ಯಾನ್ ಆಗಿದ್ದರೆ ‘ದಯವಿಟ್ಟು ಸಂಖ್ಯೆ ಬರೆಯಿರಿ’ ಎಂಬ ಸಂದೇಶ ತೋರಿಸಿ ಅಲ್ಲೇ ನಿಲ್ಲಿಸಿ. ಇಲ್ಲದಿದ್ದರೆ ನ್ಯಾನ್ ಮುಂದಿನ ಎಲ್ಲ ಲೆಕ್ಕಕ್ಕೂ ಹರಡುತ್ತದೆ, ಏಕೆಂದರೆ ನ್ಯಾನ್‌ಗೆ ಏನನ್ನು ಕೂಡಿಸಿದರೂ ನ್ಯಾನ್.

ಗೈಡ್‌ನ ಜಾಗಕ್ಕೆ ಬಂದ ‘ಆ್ಯಪ್ ಡಿಸೈನರ್’ನಲ್ಲಿ ಸಂಖ್ಯೆಗೆಂದೇ ಬೇರೆ ಬಾಕ್ಸ್ ಇದೆ. 2016ರಲ್ಲಿ ಬಂದ ಸಾಧನ ಇದು. ಅದರ ಸಂಖ್ಯೆಯ ಬಾಕ್ಸ್ ಬಳಸಿದರೆ 108ರ ಕಾಟ ಇರುವುದಿಲ್ಲ. ಪಠ್ಯದ ಬಾಕ್ಸ್ ಎಳೆದು ತಂದರೆ ಮತ್ತೆ ಅದೇ ಕಥೆ.

## ಕೆಂಪು ಅಕ್ಷರ ಓದುವ ಅಭ್ಯಾಸ

ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ ಎನ್ನುವವರ ಪರದೆಯಲ್ಲಿ ಎಷ್ಟೋ ಸಲ ಉತ್ತರ ಕಾಣುತ್ತಲೇ ಇರುತ್ತದೆ. ವಿಂಡೋ ಮುಂದೆ ಇದೆ, ಕೆಂಪು ಅಕ್ಷರದ ಎರರ್ ಅದರ ಹಿಂದಿನ ಕಮಾಂಡ್ ವಿಂಡೋದಲ್ಲಿ ಬಂದಿದೆ. ವಿಂಡೋವನ್ನು ಪಕ್ಕಕ್ಕೆ ಸರಿಸಿ, ಕಮಾಂಡ್ ವಿಂಡೋ ಕಾಣುವಂತೆ ಇಟ್ಟುಕೊಂಡು ಬಟನ್ ಒತ್ತಿ. ಯಾವ ಫೈಲ್, ಎಷ್ಟನೇ ಸಾಲು ಎಂಬುದು ಅಲ್ಲೇ ಇರುತ್ತದೆ. ಎರರ್‌ನಲ್ಲಿ ಹಲವು ಫೈಲ್‌ಗಳ ಹೆಸರು ಬಂದರೆ ಗಾಬರಿ ಬೇಡ. ನೀವು ಬರೆದ ಫೈಲ್ ಯಾವುದೋ ಅದರ ಸಾಲಿನಿಂದ ಶುರು ಮಾಡಿ.

ಎರರ್ ಇಲ್ಲದೆ ತಪ್ಪು ಉತ್ತರ ಬಂದರೆ, ಕಾಲ್‌ಬ್ಯಾಕ್‌ನ ಮೊದಲ ಸಾಲಿನಲ್ಲಿ ‘ಬಂದೆ’ ಎಂದು ಪ್ರಿಂಟ್ ಮಾಡುವ ಒಂದು ಸಾಲು ಹಾಕಿ. ಅದು ಪ್ರಿಂಟ್ ಆಗದಿದ್ದರೆ ಬಟನ್‌ಗೂ ಫಂಕ್ಷನ್ನಿಗೂ ಸಂಪರ್ಕವೇ ಇಲ್ಲ. ಪ್ರಿಂಟ್ ಆದರೆ ತೊಂದರೆ ಅದರ ಕೆಳಗಿದೆ. ಇನ್ನೂ ಒಳ್ಳೆಯದು ಬ್ರೇಕ್‌ಪಾಯಿಂಟ್. ಎಡಿಟರ್‌ನಲ್ಲಿ ಸಾಲಿನ ನಂಬರ್ ಪಕ್ಕ ಕ್ಲಿಕ್ ಮಾಡಿದರೆ ಪ್ರೋಗ್ರಾಂ ಅಲ್ಲಿಗೆ ಬಂದು ನಿಲ್ಲುತ್ತದೆ. ಆಗ ಪ್ರತಿ ವೇರಿಯಬಲ್‌ನಲ್ಲಿ (ಬೆಲೆ ಇಟ್ಟುಕೊಳ್ಳುವ ಹೆಸರು) ಏನಿದೆ, ಅದು ಅಕ್ಷರವೋ ಸಂಖ್ಯೆಯೋ ಎಂದು ‘ಕ್ಲಾಸ್’ ಕಮಾಂಡ್‌ನಿಂದ ಕೇಳಬಹುದು. ಎರರ್ ಬಂದ ಕೂಡಲೇ ಅಲ್ಲೇ ನಿಲ್ಲು ಎಂದು ಹೇಳಲು ‘ಡಿಬಿಸ್ಟಾಪ್ ಇಫ್ ಎರರ್’ ಎಂಬ ಕಮಾಂಡೂ ಇದೆ. ವಿಂಡೋ ತಪ್ಪುಗಳನ್ನು ಹಿಡಿಯಲು ಇಷ್ಟು ಸುಲಭದ ಸಾಧನ ಬೇರೊಂದಿಲ್ಲ ಎಂಬುದು ನನ್ನ ಅನಿಸಿಕೆ, ಆದರೂ ಲ್ಯಾಬ್‌ಗಳಲ್ಲಿ ಇದನ್ನು ತೋರಿಸಿಕೊಡುವವರು ಕಡಿಮೆ.

## ಆ ಬಟನ್‌ಗೆ ಗೊತ್ತು, ಈ ಬಟನ್‌ಗೆ ಗೊತ್ತಿಲ್ಲ

‘ಫೈಲ್ ತೆರೆ’ ಎಂಬ ಬಟನ್ ಡೇಟಾ ಓದುತ್ತದೆ. ‘ಗ್ರಾಫ್ ತೋರಿಸು’ ಬಟನ್ ಅದೇ ಡೇಟಾ ಬಳಸಬೇಕು. ಒತ್ತಿದರೆ ‘ಅನ್‌ಡಿಫೈನ್ಡ್’ ಎಂಬ ಎರರ್. ಈಗ ತಾನೇ ಓದಿದ ಡೇಟಾ ಎಲ್ಲಿ ಹೋಯಿತು?

ಪ್ರತಿ ಫಂಕ್ಷನ್ನಿಗೂ ಅದರದೇ ವರ್ಕ್‌ಸ್ಪೇಸ್, ಅಂದರೆ ವೇರಿಯಬಲ್‌ಗಳನ್ನು ಇಡುವ ಜಾಗ ಇದೆ. ಅದರೊಳಗೆ ಹುಟ್ಟಿದ ವೇರಿಯಬಲ್‌ಗಳು ಫಂಕ್ಷನ್ ಮುಗಿದ ಕೂಡಲೇ ಅಳಿಸಿಹೋಗುತ್ತವೆ. ಮೊದಲ ಬಟನ್‌ನ ಕಾಲ್‌ಬ್ಯಾಕ್ ಮುಗಿಯಿತು, ಡೇಟಾ ಹೋಯಿತು.

ಇದಕ್ಕೆಂದೇ ವಿಂಡೋದ ಜೊತೆ ಮಾಹಿತಿ ಕಟ್ಟಿಡುವ ವ್ಯವಸ್ಥೆ ಇದೆ. ಗೈಡ್ ಪ್ರೋಗ್ರಾಂಗಳಲ್ಲಿ ‘ಹ್ಯಾಂಡಲ್ಸ್’ ಎಂಬ ಕಟ್ಟು ಪ್ರತಿ ಕಾಲ್‌ಬ್ಯಾಕ್‌ಗೂ ಬರುತ್ತದೆ. ಎಲ್ಲ ಬಾಕ್ಸ್, ಬಟನ್‌ಗಳ ವಿಳಾಸ ಅದರಲ್ಲಿರುತ್ತದೆ, ನಿಮ್ಮ ಡೇಟಾವನ್ನೂ ಸೇರಿಸಬಹುದು. ಆದರೆ ಕಾಲ್‌ಬ್ಯಾಕ್ ಕೈಗೆ ಬರುವುದು ಅದರ ಒಂದು ಪ್ರತಿ. ಪ್ರತಿಯಲ್ಲಿ ಬರೆದದ್ದು ಮೂಲಕ್ಕೆ ತಾನಾಗಿ ಹೋಗುವುದಿಲ್ಲ. ‘ಜಿಯುಐಡೇಟಾ’ ಎಂಬ ಕಮಾಂಡ್‌ನಿಂದ ವಾಪಸ್ ಉಳಿಸಬೇಕು. ಆ ಒಂದು ಸಾಲು ಬಿಟ್ಟುಹೋದರೆ ಎರರ್ ಕೂಡ ಬರುವುದಿಲ್ಲ. ಎಷ್ಟು ಸಲ ಒತ್ತಿದ್ದೀರಿ ಎಂದು ಎಣಿಸುವ ಬಟನ್, ಪ್ರತಿ ಸಲವೂ 1 ಎಂದೇ ತೋರಿಸುತ್ತಾ ಕೂರುತ್ತದೆ.

ಕೈಯಲ್ಲೇ ಕೋಡ್ ಬರೆಯುವವರು ‘ಅಟ್’ ಚಿಹ್ನೆ ಹಾಕಿ ಒಂದೇ ಸಾಲಿನ ಪುಟ್ಟ ಫಂಕ್ಷನ್ ಬರೆಯುತ್ತಾರಲ್ಲ, ಅಲ್ಲೂ ಇಂಥದ್ದೇ ಹಳ್ಳವಿದೆ. ಅದರೊಳಗೆ ಬಳಸಿದ ವೇರಿಯಬಲ್‌ನ ಬೆಲೆ ಆ ಸಾಲು ಬರೆದ ಗಳಿಗೆಯಲ್ಲಿ ಎಷ್ಟಿತ್ತೋ ಅಷ್ಟಕ್ಕೇ ನಿಂತುಬಿಡುತ್ತದೆ. ಆಮೇಲೆ ನೀವು ಬೆಲೆ ಬದಲಾಯಿಸಿದರೂ ಬಟನ್ ಹಳೆಯದನ್ನೇ ಬಳಸುತ್ತದೆ.

ಹಾಗಾದರೆ ಎಲ್ಲವನ್ನೂ ‘ಗ್ಲೋಬಲ್’, ಅಂದರೆ ಎಲ್ಲ ಫಂಕ್ಷನ್‌ಗಳಿಗೂ ಸಿಗುವ ಹಾಗೆ ಮಾಡಿದರೆ? ಕೆಲಸ ನಡೆಯುತ್ತದೆ, ಎರಡು ಬಟನ್ ಇರುವವರೆಗೆ ತೊಂದರೆಯೂ ಇಲ್ಲ. ಬಟನ್ ಜಾಸ್ತಿಯಾದ ಮೇಲೆ ಯಾರು ಯಾವಾಗ ಬೆಲೆ ಬದಲಾಯಿಸಿದರು ಎಂದು ಹುಡುಕುವುದೇ ಒಂದು ಪ್ರಾಜೆಕ್ಟ್ ಆಗುತ್ತದೆ.

## ಹೆಸರು ಮತ್ತು ಫೈಲ್‌ಗಳ ಎಡವಟ್ಟು

ಕೂಡುವ ಪ್ರೋಗ್ರಾಂ ಎಂದು ಫೈಲ್‌ಗೆ ‘ಸಮ್’ ಎಂದೇ ಹೆಸರಿಡುವವರಿದ್ದಾರೆ. ತಂತ್ರಾಂಶದಲ್ಲಿ ಅದೇ ಹೆಸರಿನ ಫಂಕ್ಷನ್ ಮೊದಲೇ ಇದೆ. ಈಗ ಯಾವ ಪ್ರೋಗ್ರಾಂ ‘ಸಮ್’ ಎಂದು ಕರೆದರೂ ನಿಮ್ಮ ಫೈಲ್ ಎದ್ದು ಬರುತ್ತದೆ. ‘ಪ್ಲಾಟ್’, ‘ಟೆಸ್ಟ್’ ಎಂಬ ಹೆಸರುಗಳದ್ದೂ ಇದೇ ಹಣೆಬರಹ. ಅನುಮಾನ ಬಂದರೆ ‘ವಿಚ್’ ಕಮಾಂಡ್ ಕೊಟ್ಟು ಕೇಳಿ, ಯಾವ ಫೋಲ್ಡರ್‌ನ ಫೈಲ್ ಓಡುತ್ತಿದೆ ಎಂದು ಹೇಳುತ್ತದೆ.

ಗೈಡ್ ಪ್ರೋಗ್ರಾಂಗೆ ಎರಡು ಫೈಲ್ ಇರುತ್ತವೆ. ಒಂದು ವಿಂಡೋದ ಚಿತ್ರ, ಅದರ ಬಾಲ ‘ಫಿಗ್’. ಇನ್ನೊಂದು ಕೋಡ್, ಬಾಲ ‘ಎಂ’. ಚಿತ್ರದ ಫೈಲನ್ನೇ ಡಬಲ್ ಕ್ಲಿಕ್ ಮಾಡಿದರೆ ವಿಂಡೋ ಚೆನ್ನಾಗಿಯೇ ತೆರೆಯುತ್ತದೆ, ಬಟನ್ ಒತ್ತಿದರೆ ಎರರ್. ಹ್ಯಾಂಡಲ್ಸ್ ಕಟ್ಟನ್ನು ತಯಾರಿಸುವ ಕೋಡ್ ಓಡಿಯೇ ಇಲ್ಲ, ಅದು ಖಾಲಿ ಇದೆ. ಕೋಡ್ ಫೈಲನ್ನು ರನ್ ಮಾಡಿದರೆ ಸರಿಯಾಗುತ್ತದೆ. ಪೆನ್‌ಡ್ರೈವ್‌ನಲ್ಲಿ ಒಂದೇ ಫೈಲ್ ತಂದವರಿಗೆ ಮಾತ್ರ ದಾರಿಯಿಲ್ಲ, ಎರಡೂ ಬೇಕು.

ಇನ್ನು ನಮ್ಮ ಲ್ಯಾಬ್‌ಗಳ ಒಂದು ಅಭ್ಯಾಸ: ಯಾವ ಪ್ರೋಗ್ರಾಂ ಆದರೂ ಮೇಲೆ ‘ಸಿಎಲ್‌ಸಿ, ಕ್ಲಿಯರ್ ಆಲ್, ಕ್ಲೋಸ್ ಆಲ್’ ಬರೆಯುವುದು. ಕಾಲ್‌ಬ್ಯಾಕ್ ಒಳಗೂ ಕೈ ತಾನಾಗಿ ಅದನ್ನೇ ಬರೆದುಬಿಡುತ್ತದೆ. ‘ಕ್ಲಿಯರ್ ಆಲ್’ ಹ್ಯಾಂಡಲ್ಸನ್ನೇ ಅಳಿಸುತ್ತದೆ. ‘ಕ್ಲೋಸ್ ಆಲ್’ ಬಟನ್ ಇರುವ ವಿಂಡೋವನ್ನೇ ಮುಚ್ಚುತ್ತದೆ. ಒತ್ತಿದ ಕೂಡಲೇ ವಿಂಡೋ ಮಾಯವಾದರೆ ಇದನ್ನು ಮೊದಲು ನೋಡಿ.

ಮಾಯವಾಗುವ ಇನ್ನೊಂದು ವಸ್ತು ಸ್ಲೈಡರ್, ಅಂದರೆ ಎಳೆದು ಬೆಲೆ ಬದಲಾಯಿಸುವ ಪಟ್ಟಿ. ಹಳೆಯ ಮಾದರಿಯ ಸ್ಲೈಡರ್‌ನ ಮಿತಿ ತಾನಾಗಿ 0ಯಿಂದ 1 ಇರುತ್ತದೆ. ಮಿತಿ ಬದಲಾಯಿಸದೆ ಅದರ ಬೆಲೆಯನ್ನು 50 ಮಾಡಿದರೆ ಮ್ಯಾಟ್‌ಲ್ಯಾಬ್ ಸ್ಲೈಡರನ್ನು ಪರದೆ ಮೇಲೆ ತೋರಿಸುವುದೇ ಇಲ್ಲ. ಗ್ರಾಫ್ ನಿಮ್ಮ ವಿಂಡೋ ಬಿಟ್ಟು ಬೇರೆ ಹೊಸ ವಿಂಡೋದಲ್ಲಿ ಬಂದರೆ, ಯಾವ ಜಾಗದಲ್ಲಿ ಬಿಡಿಸಬೇಕೆಂದು ‘ಪ್ಲಾಟ್’ಗೆ ನೀವು ಹೇಳಿಲ್ಲ ಎಂದರ್ಥ. ಮೊದಲ ಮಾಹಿತಿಯಾಗಿ ಆ ಜಾಗದ ಹೆಸರು ಕೊಡಿ.

## ಸ್ಟಾಪ್ ಬಟನ್ ಏಕೆ ನಿಲ್ಲಿಸುವುದಿಲ್ಲ?

‘ಸ್ಟಾರ್ಟ್’ ಒತ್ತಿದರೆ ಲೂಪ್ ಓಡುತ್ತದೆ, ಸಾವಿರ ಸಲ ಲೆಕ್ಕ ಮಾಡುತ್ತದೆ. ನಡುವೆ ‘ಸ್ಟಾಪ್’ ಒತ್ತುತ್ತೀರಿ. ಏನೂ ಆಗುವುದಿಲ್ಲ. ಪರದೆ ಮೇಲಿನ ಸಂಖ್ಯೆಯೂ ಬದಲಾಗುವುದಿಲ್ಲ. ಎಲ್ಲ ಮುಗಿದ ಮೇಲೆ ಕೊನೆಯ ಉತ್ತರ ಒಮ್ಮೆಲೇ ಬರುತ್ತದೆ.

ಟೀ ಅಂಗಡಿಯಲ್ಲಿ ಕೆಲಸ ಮಾಡುವವನು ಒಬ್ಬನೇ ಎಂದೆವಲ್ಲ. ಯಾರೋ ಮದುವೆ ಮನೆಗೆಂದು ಇನ್ನೂರು ಟೀ ಹೇಳಿದ್ದಾರೆ, ಅವನು ತಲೆ ತಗ್ಗಿಸಿ ಸೋಸುತ್ತಿದ್ದಾನೆ. ‘ಸಾಕು ನಿಲ್ಲಿಸಪ್ಪ’ ಎಂಬ ಕೂಗು ಸಾಲಿನಲ್ಲಿ ಕಾಯುತ್ತಿದೆ. ಒಂದು ಕಾಲ್‌ಬ್ಯಾಕ್ ಓಡುತ್ತಿರುವಾಗ ಹೊಸ ಈವೆಂಟ್‌ಗಳು ಸರತಿಯಲ್ಲಿ ನಿಲ್ಲುತ್ತವೆ, ಪರದೆಯೂ ಹೊಸದಾಗುವುದಿಲ್ಲ.

ತಲೆ ಎತ್ತಿ ನೋಡು ಎಂದು ಹೇಳುವ ಕಮಾಂಡ್ ‘ಡ್ರಾನೌ’. ಲೂಪ್ ಒಳಗೆ ಅದನ್ನು ಹಾಕಿದರೆ ಪ್ರತಿ ಸುತ್ತಿನಲ್ಲೂ ಪರದೆ ಹೊಸದಾಗುತ್ತದೆ, ಕಾಯುತ್ತಿದ್ದ ಬಟನ್‌ಗೂ ಅವಕಾಶ ಸಿಗುತ್ತದೆ. ಚಿಕ್ಕ ‘ಪಾಜ್’ (pause, ಅಂದರೆ ವಿರಾಮ) ಹಾಕಿದರೂ ಆಗುತ್ತದೆ. ಸುತ್ತುಗಳು ಲಕ್ಷಗಟ್ಟಲೆ ಇದ್ದರೆ ಪ್ರತಿ ಸುತ್ತಿಗೂ ಹಾಕಬೇಡಿ, ಪರದೆ ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ. ನೂರಕ್ಕೊಮ್ಮೆ ಸಾಕು.

ಇಷ್ಟಾದರೂ ಸ್ಟಾಪ್ ಕೆಲಸ ಮಾಡದೇ ಇರಬಹುದು. ಕಾರಣ ಹಿಂದಿನದೇ. ಸ್ಟಾಪ್ ಬಟನ್ ‘ನಿಲ್ಲಿಸು’ ಎಂಬ ಗುರುತನ್ನು ಮೂಲ ಕಟ್ಟಿನಲ್ಲಿ ಬರೆದಿದೆ. ಲೂಪ್ ಮಾತ್ರ ಶುರುವಿನಲ್ಲಿ ತಂದುಕೊಂಡ ತನ್ನ ಪ್ರತಿಯನ್ನೇ ನೋಡುತ್ತಿದೆ. ಡ್ರಾನೌ ಆದ ಮೇಲೆ ‘ಜಿಯುಐಡೇಟಾ’ದಿಂದ ಹೊಸ ಪ್ರತಿ ತಂದು ಗುರುತು ನೋಡಬೇಕು. ಇದೆಲ್ಲ ಸರಿಹೋಗುವ ಮುಂಚೆ ಲೂಪ್ ಸಿಕ್ಕಿಹಾಕಿಕೊಂಡರೆ ಕಮಾಂಡ್ ವಿಂಡೋಗೆ ಹೋಗಿ ಕಂಟ್ರೋಲ್ ಜೊತೆ ಸಿ ಒತ್ತಿ.

## ಆಕ್ಟೇವ್‌ಗೆ ತಂದಾಗ

ಲೈಸೆನ್ಸ್ ಇಲ್ಲದ ಮನೆಯ ಲ್ಯಾಪ್‌ಟಾಪ್‌ನಲ್ಲಿ ಅದೇ ಪ್ರೋಗ್ರಾಂ ಓಡಿಸಲು ಆಕ್ಟೇವ್ ಹಾಕಿಕೊಳ್ಳುವವರು ಬಹಳ. ಲೆಕ್ಕದ ಕೋಡ್ ಸಾಮಾನ್ಯವಾಗಿ ಹಾಗೇ ಓಡುತ್ತದೆ. ವಿಂಡೋ ಮಾತ್ರ ತಕರಾರು ಮಾಡುತ್ತದೆ. ಗೈಡ್‌ನ ಚಿತ್ರದ ಫೈಲ್ ಆಗಲಿ, ಆ್ಯಪ್ ಡಿಸೈನರ್‌ನ ಫೈಲ್ ಆಗಲಿ ಆಕ್ಟೇವ್‌ನಲ್ಲಿ ತೆರೆಯುವುದಿಲ್ಲ. ‘ಫಿಗರ್’ ಮತ್ತು ‘ಯುಐಕಂಟ್ರೋಲ್’ ಕಮಾಂಡ್ ಬಳಸಿ ಕೈಯಲ್ಲೇ ಬರೆದ ವಿಂಡೋಗಳು ಓಡುತ್ತವೆ. ಗ್ರಾಫ್ ಬರುತ್ತದೆ ಆದರೆ ಬಟನ್‌ಗಳು ಕಾಣುತ್ತಿಲ್ಲ ಎಂದಾದರೆ ‘ಗ್ರಾಫಿಕ್ಸ್ ಟೂಲ್‌ಕಿಟ್’ ಕಮಾಂಡ್‌ನಿಂದ ಯಾವ ಸಾಧನ ಚಿತ್ರ ಬಿಡಿಸುತ್ತಿದೆ ಎಂದು ನೋಡಿ. ಅದು ‘ಕ್ಯೂಟಿ’ ಆಗಿರಬೇಕು. ‘ಗ್ನುಪ್ಲಾಟ್’ ಎಂದಿದ್ದರೆ ಬಟನ್ ಬರುವುದಿಲ್ಲ.

ಹಾಗಾಗಿ ಹಳೆಯ ಪ್ರೋಗ್ರಾಂ ತಿದ್ದಲು ಕೂತಾಗ ಮೊದಲು ಲೆಕ್ಕವನ್ನೆಲ್ಲ ಕಾಲ್‌ಬ್ಯಾಕ್‌ಗಳಿಂದ ಎತ್ತಿ ಬೇರೆ ಫಂಕ್ಷನ್ ಫೈಲ್‌ಗೆ ಹಾಕಿ. ಕಾಲ್‌ಬ್ಯಾಕ್‌ನಲ್ಲಿ ಉಳಿಯಬೇಕಾದ್ದು ಮೂರೇ ಕೆಲಸ: ಬಾಕ್ಸ್‌ನಿಂದ ಓದುವುದು, ಆ ಫಂಕ್ಷನ್ನನ್ನು ಕರೆಯುವುದು, ಉತ್ತರ ತೋರಿಸುವುದು. ಆಗ ಲೆಕ್ಕವನ್ನು ವಿಂಡೋ ತೆರೆಯದೆಯೇ ಕಮಾಂಡ್ ವಿಂಡೋದಲ್ಲಿ ಪರೀಕ್ಷಿಸಬಹುದು. ಅಲ್ಲಿ ಸರಿಯಿದ್ದು ವಿಂಡೋದಲ್ಲಿ ತಪ್ಪಿದರೆ ತಪ್ಪು ಓದುವುದರಲ್ಲೋ ತೋರಿಸುವುದರಲ್ಲೋ ಇದೆ. ಆಕ್ಟೇವ್‌ಗೆ ಹೋದರೂ ಆ್ಯಪ್ ಡಿಸೈನರ್‌ಗೆ ಹೋದರೂ ಆ ಲೆಕ್ಕದ ಫೈಲ್ ಹೆಚ್ಚುಕಡಿಮೆ ಹಾಗೇ ಬರುತ್ತದೆ, ಹೊಸದಾಗಿ ಬರೆಯಬೇಕಾದ್ದು ಬಟನ್, ಬಾಕ್ಸ್‌ಗಳ ಕೆಲವು ಸಾಲು ಮಾತ್ರ.